ರೆಫರಿ ಎಣಿಸಿದ್ದು ನಾಲ್ಕು, ರೀಲು ಎಣಿಸಿದ್ದು ಐದು

1940ರ ನವೆಂಬರ್ 16, ಶನಿವಾರ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹ್ಯಾನೋವರ್ ಎಂಬ ಪುಟ್ಟ ಊರಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಹುಡುಗರು ಕಾರ್ನೆಲ್ ವಿಶ್ವವಿದ್ಯಾಲಯದ ತಂಡವನ್ನು ಎದುರಿಸಿ ನಿಂತಿದ್ದರು. ಗೆಲ್ಲುವವರು ಯಾರು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಾರ್ನೆಲ್ ಸತತ ಹದಿನೆಂಟು ಪಂದ್ಯಗಳಲ್ಲಿ ಸೋಲಿನ ಮುಖ ಕಂಡಿರಲಿಲ್ಲ. ಡಾರ್ಟ್‌ಮತ್ ಆ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಅದರ ಕೋಚ್ ರೆಡ್ ಬ್ಲೇಕ್ ಗಟ್ಟಿ ಕುಳ. ಕಾರ್ನೆಲ್ಲಿನ ದಾಳಿಯನ್ನು ಹಗ್ಗ ಹಾಕಿ ಕಟ್ಟಿದಂತೆ ನಿಲ್ಲಿಸುವ ರಕ್ಷಣಾವ್ಯೂಹವೊಂದನ್ನು ಆತ ಹೆಣೆದು ತಂದಿದ್ದ. ಮೂರು ಕಾಲುಭಾಗ ಆಟ ಮುಗಿದರೂ ಎರಡೂ ಕಡೆ ಸೊನ್ನೆ. ಕೊನೆಯ ಕಾಲುಭಾಗದಲ್ಲಿ ಬಾಬ್ ಕ್ರೀಗರ್ ಒದ್ದ ಚೆಂಡು ಗೋಲುಕಂಬಗಳ ನಡುವೆ ಹಾರಿ ಡಾರ್ಟ್‌ಮತ್ 3–0 ಮುಂದೆ ಹೋಯಿತು.

ಅಮೆರಿಕನ್ನರು ಫುಟ್‌ಬಾಲ್ ಎನ್ನುವ ಆ ಆಟದಲ್ಲಿ ಕಾಲಿಗಿಂತ ಕೈಗೂ ಹೆಗಲಿಗೂ ಕೆಲಸ ಜಾಸ್ತಿ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುನ್ನುಗ್ಗಲು ನಾಲ್ಕು ಅವಕಾಶ. ಒಂದೊಂದಕ್ಕೂ ‘ಡೌನ್’ ಎಂದು ಹೆಸರು. ನಾಲ್ಕರಲ್ಲಿ ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಕ್ರಿಕೆಟ್ ಅಂಪೈರು ಓವರಿನ ಆರು ಎಸೆತಗಳನ್ನು ಜೇಬಿನೊಳಗಿನ ಕಲ್ಲುಗಳಲ್ಲಿ ಎಣಿಸಿದ ಹಾಗೆ ಇಲ್ಲಿ ರೆಫರಿ ಡೌನ್‌ಗಳನ್ನು ಎಣಿಸಬೇಕು. ಎಣಿಸಬೇಕಾದ್ದು ನಾಲ್ಕೇ. ಅದರಲ್ಲಿ ತಪ್ಪುವುದು ಹೇಗೆ ಸಾಧ್ಯ ಎಂದು ಹ್ಯಾನೋವರಿನಲ್ಲಿ ಅಂದು ಬೆಳಗ್ಗೆ ಕೇಳಿದ್ದರೆ ಯಾರಾದರೂ ನಕ್ಕುಬಿಡುತ್ತಿದ್ದರು.

ಆಟ ಮುಗಿಯಲು ಒಂದು ನಿಮಿಷಕ್ಕಿಂತ ಕಡಿಮೆ ಇದ್ದಾಗ ಕಾರ್ನೆಲ್ ಹೇಗೋ ಡಾರ್ಟ್‌ಮತ್‌ನ ಗೋಲುಗೆರೆಗೆ ಆರು ಗಜ ದೂರದಲ್ಲಿ ಬಂದು ನಿಂತಿತು. ಮೊದಲ ಡೌನ್: ಮಾರ್ಟ್ ಲ್ಯಾಂಡ್ಸ್‌ಬರ್ಗ್ ಚೆಂಡು ಅವುಚಿಕೊಂಡು ನುಗ್ಗಿದ, ಅರ್ಧ ದೂರ ಸಂದಿತು. ಎರಡನೆಯದು: ವಾಲ್ಟ್ ಶೋಲ್ ಓಡಿದ, ಗೆರೆ ಒಂದೇ ಗಜ ದೂರ. ಮೂರನೆಯದು: ಮತ್ತೆ ಲ್ಯಾಂಡ್ಸ್‌ಬರ್ಗ್, ಮತ್ತೆ ಮೈಗಳ ಗೋಡೆ, ಕೂದಲೆಳೆಯಷ್ಟು ಉಳಿಯಿತು. ಗಡಿಯಾರ ಓಡುತ್ತಿತ್ತು. ಅದನ್ನು ನಿಲ್ಲಿಸುವ ಆತುರದಲ್ಲಿ ಕಾರ್ನೆಲ್ ಆಟ ತಡೆಯಿತು. ಅದಕ್ಕೆ ದಂಡವಾಗಿ ಐದು ಗಜ ಹಿಂದಕ್ಕೆ. ನಾಲ್ಕನೇ ಡೌನ್: ಶೋಲ್ ಚೆಂಡನ್ನು ಗೆರೆಯಾಚೆಗೆ ಎಸೆದ. ಡಾರ್ಟ್‌ಮತ್ ಆಟಗಾರನ ಕೈ ತಗುಲಿ ಅದು ನೆಲಕ್ಕೆ ಬಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಡಾರ್ಟ್‌ಮತ್ ಹುಡುಗರು ಕುಣಿಯತೊಡಗಿದರು. ಆದರೆ ರೆಫರಿ ರೆಡ್ ಫ್ರೀಸೆಲ್‌ಗೆ ಗೊಂದಲ ಹತ್ತಿತು. ಅವರೇನು ಹೊಸಬರಲ್ಲ, ಪೂರ್ವ ಅಮೆರಿಕದ ಹೆಸರಾಂತ ತೀರ್ಪುಗಾರರಲ್ಲಿ ಒಬ್ಬರು. ಆ ದಂಡ, ಆ ಗದ್ದಲ, ಯಾರೋ ಆಫ್‌ಸೈಡ್ ಆಗಿದ್ದರೆಂಬ ಮಾತು, ಎಲ್ಲ ಸೇರಿ ತಲೆಯೊಳಗಿನ ಲೆಕ್ಕ ಕಲಸಿಹೋಯಿತು. ಚೆಂಡನ್ನು ಕಾರ್ನೆಲ್‌ಗೇ ಕೊಟ್ಟು ಇನ್ನೊಮ್ಮೆ ಆಡಲು ಸನ್ನೆ ಮಾಡಿದರು. ಗಡಿಯಾರದಲ್ಲಿ ಉಳಿದದ್ದು ಕೆಲವೇ ಸೆಕೆಂಡು. ಶೋಲ್ ಎಸೆದ, ಬಿಲ್ ಮರ್ಫಿ ಗೆರೆಯಾಚೆ ನಿಂತು ಹಿಡಿದ. ನಿಕ್ ಡ್ರಾಹೋಸ್ ಒದೆದು ಒಂದು ಅಂಕ ಸೇರಿಸಿದ. ಕಾರ್ನೆಲ್ 7, ಡಾರ್ಟ್‌ಮತ್ 3.

ಪತ್ರಕರ್ತರ ಗ್ಯಾಲರಿಯಲ್ಲಿ ಗುಸುಗುಸು ಶುರುವಾಯಿತು. ತಂತಮ್ಮ ಟಿಪ್ಪಣಿಗಳನ್ನು ಮತ್ತೆ ಮತ್ತೆ ಎಣಿಸಿದವರಿಗೆ ನಾಲ್ಕರ ಜಾಗದಲ್ಲಿ ಐದು ಸಿಗುತ್ತಿತ್ತು. ಆದರೆ ಟಿಪ್ಪಣಿಗಳಿಗೆ ಯಾರು ಬೆಲೆ ಕೊಡುತ್ತಾರೆ? ಬರೆದವನೂ ಮನುಷ್ಯನೇ. ಡಾರ್ಟ್‌ಮತ್‌ನವರ ನೆನಪು ಒಂದು ಹೇಳಿತು, ಕಾರ್ನೆಲ್‌ನವರ ನೆನಪು ಇನ್ನೊಂದು. ಅಲ್ಲಿಯವರೆಗಿನ ಎಲ್ಲ ತಕರಾರುಗಳೂ ಇಲ್ಲಿಗೇ ಬಂದು ನಿಲ್ಲುತ್ತಿದ್ದವು, ವರ್ಷಗಟ್ಟಲೆ ಹಾಸ್ಟೆಲ್ ಕೋಣೆಗಳಲ್ಲಿ ಜಗಳವಾಗಿ ಉಳಿಯುತ್ತಿದ್ದವು.

ಈ ಸಲ ಮಾತ್ರ ಒಂದು ಆಕಸ್ಮಿಕ ಕೈಹಿಡಿಯಿತು. ಕಾರ್ನೆಲ್‌ನ ಕೋಚ್ ಕಾರ್ಲ್ ಸ್ನೇವ್ಲಿಗೆ ಸಿನಿಮಾ ಹುಚ್ಚು. ತಾರೆಯರ ಸಿನಿಮಾ ಅಲ್ಲ, ತನ್ನದೇ ಹುಡುಗರದು. ಪಂದ್ಯಗಳನ್ನು ಚಿತ್ರೀಕರಿಸಿ, ಆಮೇಲೆ ಕತ್ತಲ ಕೋಣೆಯಲ್ಲಿ ಕೂತು, ಯಾರ ಕಾಲು ಎಲ್ಲಿ ಜಾರಿತು ಎಂದು ಹುಡುಕುವುದರಲ್ಲಿ ಅವರು ಮೊದಲಿಗರ ಸಾಲಿನವರು. ಹ್ಯಾನೋವರಿನ ಆಟವೂ ರೀಲಿನಲ್ಲಿತ್ತು. ಅದನ್ನು ಸಂಸ್ಕರಿಸಿ, ಪರದೆಯ ಮೇಲೆ ಬಿಟ್ಟು, ಹಿಂದೆ ಮುಂದೆ ಓಡಿಸಿ ನೋಡಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಇನ್ನೊಂದು. ಗೆದ್ದವರ ಕ್ಯಾಮೆರಾವೇ ಗೆಲುವಿನ ವಿರುದ್ಧ ಸಾಕ್ಷಿ ಹೇಳಿತು.

ಸೋಮವಾರದ ಹೊತ್ತಿಗೆ ಫ್ರೀಸೆಲ್ ತಮ್ಮಿಂದ ತಪ್ಪಾಗಿದೆ ಎಂದು ಲಿಖಿತವಾಗಿ ಒಪ್ಪಿಕೊಂಡರು. ಪೂರ್ವ ವಲಯದ ಆಟಗಳ ಮೇಲ್ವಿಚಾರಕ ಏಸಾ ಬುಶ್ನೆಲ್ ಕೈಚೆಲ್ಲಿದರು: ಮುಗಿದ ಪಂದ್ಯದ ಫಲಿತಾಂಶ ಬದಲಿಸುವ ಅಧಿಕಾರ ಯಾರಿಗೂ ಇಲ್ಲ, ತನಗೂ ಇಲ್ಲ. ಚೆಂಡು ಈಗ ಕಾರ್ನೆಲ್ ಅಧ್ಯಕ್ಷ ಎಡ್ಮಂಡ್ ಎಜ್ರಾ ಡೇ ಅವರ ಅಂಗಳದಲ್ಲಿತ್ತು. ಅವರು ಓದಿದ್ದು ಎಲ್ಲಿ? ಡಾರ್ಟ್‌ಮತ್‌ನಲ್ಲೇ. ಹಳೆಯ ಕಾಲೇಜಿನ ಮೋಹದಿಂದ ಸೋಲೊಪ್ಪಿದರು ಎನ್ನುವವರೂ ಇದ್ದಿರಬಹುದು. ಆದರೆ ಪರದೆಯ ಮೇಲೆ ಐದು ಡೌನ್ ಕಂಡ ಮೇಲೆ ಮೋಹಕ್ಕೆ ಕೆಲಸವೇ ಉಳಿದಿರಲಿಲ್ಲ. ಗೆಲುವನ್ನು ಬಿಟ್ಟುಕೊಟ್ಟಿದ್ದೇವೆ, ಅಭಿನಂದನೆಗಳು ಎಂದು ಕಾರ್ನೆಲ್‌ನಿಂದ ತಂತಿ ಹೋಯಿತು. ಡಾರ್ಟ್‌ಮತ್ ಅಷ್ಟೇ ಗೌರವದಿಂದ ಒಪ್ಪಿಕೊಂಡು ಮರುತಂತಿ ಕಳಿಸಿತು. ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಡಾರ್ಟ್‌ಮತ್ 3, ಕಾರ್ನೆಲ್ 0. ಹದಿನೆಂಟು ಪಂದ್ಯಗಳ ಸರಣಿ ಒಂದು ಟೆಲಿಗ್ರಾಮಿನಲ್ಲಿ ಮುರಿದುಬಿತ್ತು. ಮುಂದಿನ ಪಂದ್ಯದಲ್ಲಿ ಕಾರ್ನೆಲ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರೂ ಸೋತಿತು, ಅದನ್ನು ಮಾತ್ರ ಯಾರ ಔದಾರ್ಯವೂ ಇಲ್ಲದೆ.

ಹೀಗೆ ಒಂದು ಸತ್ಯ ಹೊರಬಿತ್ತು: ರೆಫರಿಯ ಕಣ್ಣು ಕಳೆದುಕೊಂಡದ್ದನ್ನು ಯಂತ್ರ ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ರೀಲು ತೊಳೆದು ಒಣಗಿಸಿ ನೋಡುವಷ್ಟರಲ್ಲಿ ಆಟಗಾರರು ಊರು ಸೇರಿ ಊಟ ಮುಗಿಸಿ ಮಲಗಿರುತ್ತಿದ್ದರು. ಬೇಕಿದ್ದದ್ದು ಎರಡು ದಿನದ ನಂತರದ ಸತ್ಯವಲ್ಲ, ಎರಡು ನಿಮಿಷದೊಳಗಿನ ಸತ್ಯ.

ಅದು ಸಿಕ್ಕಿದ್ದು ಇಪ್ಪತ್ತಮೂರು ವರ್ಷಗಳ ನಂತರ. ಸ್ವಾರಸ್ಯವೆಂದರೆ ಅದನ್ನು ಹುಡುಕಿದವನಿಗೆ ರೆಫರಿಗಳ ಗೊಡವೆಯೇ ಇರಲಿಲ್ಲ. ಅವನನ್ನು ಕಾಡುತ್ತಿದ್ದದ್ದು ಬೇಸರ.

ಟೋನಿ ವೆರ್ನಾ ಫಿಲಡೆಲ್ಫಿಯಾದ ಹುಡುಗ, ವಲಸೆ ಬಂದ ಇಟಾಲಿಯನ್ ದಂಪತಿಯ ಮಗ. ಸಿಬಿಎಸ್ ಟೆಲಿವಿಷನ್ನಿನಲ್ಲಿ ಆಟಗಳ ನೇರಪ್ರಸಾರದ ನಿರ್ದೇಶಕ. ಪ್ರಸಾರದ ಗಾಡಿಯೊಳಗೆ ಸಾಲು ಸಾಲು ಪರದೆಗಳ ಮುಂದೆ ಕೂತಾಗಲೆಲ್ಲ ಅವನಿಗೆ ಒಂದೇ ಕಿರಿಕಿರಿ. ಅಮೆರಿಕನ್ ಫುಟ್‌ಬಾಲಿನಲ್ಲಿ ನಿಜವಾದ ಆಟ ನಡೆಯುವುದು ಐದಾರು ಸೆಕೆಂಡು. ಆಮೇಲೆ ಅರ್ಧ ನಿಮಿಷ ಆಟಗಾರರು ಗುಂಪುಗೂಡಿ ತಲೆ ತಗ್ಗಿಸಿ ಪಿಸುಗುಟ್ಟುತ್ತಾರೆ. ಆ ಹೊತ್ತು ನೋಡುಗರಿಗೆ ತೋರಿಸುವುದಾದರೂ ಏನು? ಕೋಚಿನ ಸಿಡುಕು ಮುಖ, ಚಿಯರ್ ಮಾಡುವ ಹುಡುಗಿಯರು, ಪ್ರೇಕ್ಷಕರ ಟೋಪಿಗಳು. ಈಗಷ್ಟೇ ನಡೆದದ್ದನ್ನೇ ಮತ್ತೊಮ್ಮೆ ತೋರಿಸಿದರೆ?

ಯಂತ್ರವೇನೋ ಇತ್ತು. ಆಂಪೆಕ್ಸ್ ಕಂಪನಿ 1956ರಲ್ಲೇ ವಿಡಿಯೊ ಟೇಪ್ ಯಂತ್ರವನ್ನು ಹೊರತಂದಿತ್ತು. ಅದೇ ವರ್ಷ ಸಿಬಿಎಸ್ ಅದನ್ನು ವಾರ್ತೆಗೆ ಬಳಸಿಯೂ ಇತ್ತು. ಆದರೆ ಅದೊಂದು ದೈತ್ಯ. ಅರ್ಧ ಟನ್ನಿಗೂ ಮಿಗಿಲಾದ ತೂಕ, ಬೀರುಗಳಂಥ ಪೆಟ್ಟಿಗೆಗಳು, ಒಳಗೆಲ್ಲ ಕಾದು ಉರಿಯುವ ವಾಲ್ವುಗಳು. ಸ್ಟುಡಿಯೊದ ತಂಪಿನಲ್ಲಿ ಅಲುಗದೆ ಇರಲೆಂದೇ ಹುಟ್ಟಿದ ಅದನ್ನು ಮೈದಾನಕ್ಕೆ ಹೊತ್ತೊಯ್ಯುವ ಮಾತು ಎತ್ತಿದರೆ ಎಂಜಿನಿಯರುಗಳು ವೆರ್ನಾನ ಮುಖ ನೋಡುತ್ತಿದ್ದರು.

ಹೊತ್ತದ್ದೂ ಆಯಿತು ಎನ್ನೋಣ. ಅದರಾಚೆಗೆ ಎರಡು ಗೋಡೆಗಳಿದ್ದವು. ಟೇಪು ಹಿಂದೆ ಸುತ್ತಿ ಮತ್ತೆ ಬಿಟ್ಟರೆ ಯಂತ್ರ ವೇಗ ಹಿಡಿದು ಚಿತ್ರ ನಿಲ್ಲಲು ಹಲವು ಸೆಕೆಂಡು ಬೇಕು. ಅಲ್ಲಿಯವರೆಗೆ ಪರದೆ ತುಂಬ ಗೀರು, ನಡುಕ. ಅದಕ್ಕಿಂತ ದೊಡ್ಡ ತೊಡಕು: ಸುತ್ತಿದ ಟೇಪಿನಲ್ಲಿ ಬೇಕಾದ ಆ ಕ್ಷಣ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಗುರುತು ಹಾಕಲು ಟೇಪಿನ ಮೇಲೆ ಕಾಣುವಂಥದ್ದೇನೂ ಇಲ್ಲ. ಅಂದಾಜಿನ ಮೇಲೆ ಬಿಟ್ಟರೆ ಅರ್ಧ ನಿಮಿಷದ ಬಿಡುವು ಹುಡುಕಾಟದಲ್ಲೇ ಮುಗಿದು, ಮುಂದಿನ ಆಟ ಶುರುವಾಗಿರುತ್ತದೆ. ವೆರ್ನಾ ಇದನ್ನು ತಲೆಯಲ್ಲಿಟ್ಟುಕೊಂಡು ತಿರುಗಿದ. ಒಂದು ಉಪಾಯ ಹೊಳೆಯಿತು, ಬಾಯಿ ಬಿಡದೆ ತಕ್ಕ ಪಂದ್ಯಕ್ಕಾಗಿ ಕಾದ.

ಅವನು ಆರಿಸಿಕೊಂಡದ್ದು ಸೈನ್ಯ ಮತ್ತು ನೌಕಾಪಡೆಯ ಅಕಾಡೆಮಿಗಳ ವಾರ್ಷಿಕ ಹಣಾಹಣಿ. ವೆಸ್ಟ್ ಪಾಯಿಂಟ್ ಮತ್ತು ಅನಾಪೊಲಿಸ್‌ನ ಕೆಡೆಟ್‌ಗಳ ನಡುವಿನ ಆ ಆಟ ಕಾಲೇಜು ಫುಟ್‌ಬಾಲಿನಲ್ಲಿ ಹಬ್ಬವಿದ್ದಂತೆ. ಆದರೆ 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಗುಂಡಿಗೆ ಬಲಿಯಾದರು. ಪಂದ್ಯ ನಡೆಯುವುದೇ ಅನುಮಾನವಾಯಿತು. ಕೊನೆಗೆ ಒಂದು ವಾರ ಮುಂದೂಡಿ ಡಿಸೆಂಬರ್ 7ಕ್ಕೆ ನಿಗದಿಯಾಯಿತು. ಶೋಕದಲ್ಲಿದ್ದ ದೇಶ ಟಿವಿಯ ಮುಂದೆ ಕೂತಿರುತ್ತದೆ. ಅಂಥ ದಿನ ಪ್ರಯೋಗ ಕೈಕೊಟ್ಟರೆ ಕೆಲಸವೇ ಹೋಗಬಹುದು. ವೆರ್ನಾ ಹಿಂಜರಿಯಲಿಲ್ಲ. ನ್ಯೂಯಾರ್ಕಿನಿಂದ ಆ ದೈತ್ಯವನ್ನು ಲಾರಿಯಲ್ಲಿ ಫಿಲಡೆಲ್ಫಿಯಾಕ್ಕೆ ತರಿಸಿದ. ವೀಕ್ಷಕ ವಿವರಣೆಗಾರ ಲಿಂಡ್ಸೆ ನೆಲ್ಸನ್‌ಗೆ ವಿಷಯ ಗೊತ್ತಾದದ್ದೇ ಕ್ರೀಡಾಂಗಣಕ್ಕೆ ಹೋಗುವ ಟ್ಯಾಕ್ಸಿಯಲ್ಲಿ. ನಡೆದುಹೋದದ್ದು ಮತ್ತೆ ನಡೆಯುತ್ತದೆ ಎಂದರೆ ಜನಕ್ಕೆ ಏನೆಂದು ಹೇಳುವುದು ಎಂಬ ಚಿಂತೆ ಅವರಿಗೆ ಹತ್ತಿಕೊಂಡಿತು.

ನೌಕಾಪಡೆಯ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯ ಸೂತ್ರಧಾರ, ರೋಜರ್ ಸ್ಟೌಬಾಕ್ ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿ ಗೆದ್ದವನು. ಅವನ ಮೇಲೆಯೇ ಕಣ್ಣಿಡಲು ಒಂದು ಕ್ಯಾಮೆರಾ ಪ್ರತ್ಯೇಕ ನಿಂತಿತು; ಅದರ ಚಿತ್ರ ನೇರ ಆಂಪೆಕ್ಸಿಗೆ. ಆಟ ಶುರುವಾಯಿತು. ವೆರ್ನಾ ಟೇಪು ತಿರುಗಿಸಿದ. ಪರದೆಯ ಮೇಲೆ ಬರೀ ಕಾಗೆಕಾಲು ಗುಬ್ಬಿಕಾಲಿನಂಥ ಗೀರು. ಇನ್ನೊಮ್ಮೆ ತಿರುಗಿಸಿದ. ಚಿತ್ರದ ಮೇಲೆ ಚಿತ್ರ ಬಿದ್ದಿತ್ತು. ಮತ್ತೊಮ್ಮೆ ನೋಡಿದರೆ ಆಟಗಾರರ ನಡುವೆ ಹಾಸ್ಯನಟಿ ಲೂಸಿಲ್ ಬಾಲ್‌ಳ ಮುಖ ಇಣುಕಿ ಮಾಯವಾಯಿತು! ಟೇಪು ದುಬಾರಿಯಾದ್ದರಿಂದ ಹಳೆಯದರ ಮೇಲೆಯೇ ಅಚ್ಚು ಹಾಕುವುದು ಆಗಿನ ರೂಢಿ. ಅವನಿಗೆ ಸಿಕ್ಕಿದ ಸುರುಳಿಯಲ್ಲಿ ‘ಐ ಲವ್ ಲೂಸಿ’ ಧಾರಾವಾಹಿಯ ಚೂರೂ ಸೋಪಿನ ಜಾಹೀರಾತೂ ಇನ್ನೂ ಉಸಿರಾಡುತ್ತಿದ್ದವು. ಶೋಕಾಚರಣೆಯ ಮೌನದಿಂದ ಆಗಷ್ಟೇ ಹೊರಬಂದ ದೇಶಕ್ಕೆ ಲೂಸಿಯನ್ನು ತೋರಿಸಿದ್ದರೆ ಏನಾಗುತ್ತಿತ್ತೋ. ಅಂಥದ್ದು ಯಾವುದೂ ಗಾಡಿಯಿಂದ ಆಚೆ ಹೋಗದಂತೆ ವೆರ್ನಾ ತಡೆದ. ಮೊದಲ ಕಾಲುಭಾಗ ಹೋಯಿತು, ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ಸ್ಟೌಬಾಕ್‌ನ ಒಂದೇ ಒಂದು ಓಟವೂ ಮರುಹುಟ್ಟು ಪಡೆಯಲಿಲ್ಲ.

ಕೊನೆಯ ಕಾಲುಭಾಗದಲ್ಲಿ ನೌಕಾಪಡೆ 21–7 ಮುಂದಿತ್ತು. ಆಟ ಮುಗಿಯಿತೆಂದೇ ಎಲ್ಲರ ಎಣಿಕೆ. ಆಗ ಸೈನ್ಯದ ಕ್ವಾರ್ಟರ್‌ಬ್ಯಾಕ್ ರಾಲಿ ಸ್ಟಿಕ್‌ವೆ ಮೈ ಕೊಡವಿಕೊಂಡು ಎದ್ದ. ಸ್ಟೌಬಾಕ್‌ನ ಮೇಲಿದ್ದ ಕ್ಯಾಮೆರಾ ಅವನತ್ತ ತಿರುಗಿತು. ಗೆರೆಯ ಹತ್ತಿರ ಬಂದು, ಚೆಂಡನ್ನು ಜೊತೆಗಾರನಿಗೆ ಕೊಟ್ಟಂತೆ ನಟಿಸಿ, ತಾನೇ ಅವುಚಿಕೊಂಡು ನುಗ್ಗಿ ಅಂಕ ಗಳಿಸಿದ. ವೆರ್ನಾನ ಕೈ ಆಗಲೇ ಟೇಪು ಹಿಂದೆ ಸುತ್ತಿಸಿತ್ತು. ಪರದೆಯಲ್ಲಿ ಗೀರು, ನಡುಕ, ಆಮೇಲೆ ಇದ್ದಕ್ಕಿದ್ದಂತೆ ಸ್ವಚ್ಛ ಚಿತ್ರ. ಅವನು ಅದನ್ನು ದೇಶಕ್ಕೆ ಬಿಟ್ಟ. ಅದೇ ಸ್ಟಿಕ್‌ವೆ, ಅದೇ ನಟನೆ, ಅದೇ ನುಗ್ಗು, ಮಾಮೂಲಿ ವೇಗದಲ್ಲೇ. ಲಿಂಡ್ಸೆ ನೆಲ್ಸನ್ ದನಿಯೇರಿಸಿ ಸೈನ್ಯ ಮತ್ತೆ ಅಂಕ ಗಳಿಸಿಲ್ಲ, ಇದು ಈಗ ನಡೆಯುತ್ತಿರುವುದಲ್ಲ ಎಂದು ವಿವರಿಸಬೇಕಾಯಿತು. ಹಾಗಿದ್ದೂ ಕಣ್ಣುಜ್ಜಿಕೊಂಡವರಿಗೆ ಕಡಿಮೆಯಿರಲಿಲ್ಲ. ಅಂದು ಗಾಳಿಗೆ ಹೋದದ್ದು ಅದೊಂದೇ ಮರುಚಿತ್ರ.

ಪಂದ್ಯ ಅಲ್ಲಿಗೆ ಮುಗಿಯಲಿಲ್ಲ, ಮತ್ತು ವಿಧಿಯ ಕುಚೋದ್ಯ ಇರುವುದು ಇಲ್ಲಿಯೇ. ಸ್ಟಿಕ್‌ವೆ ಹೆಚ್ಚುವರಿ ಎರಡು ಅಂಕವನ್ನೂ ತಂದ, 21–15. ಮುಂದಿನ ಒದೆತದಲ್ಲಿ ಚೆಂಡಿನ ಮೇಲೆ ತಾನೇ ಬಿದ್ದು ಹಿಡಿದ. ಸೈನ್ಯ ಗಜ ಗಜವಾಗಿ ಮುಂದೊತ್ತಿ ನೌಕಾಪಡೆಯ ಗೆರೆಗೆ ಎರಡೇ ಗಜ ದೂರ ಬಂತು. ನಾಲ್ಕನೇ ಡೌನ್. ಲಕ್ಷ ಜನರ ಕಿರುಚಾಟದಲ್ಲಿ ಸ್ಟಿಕ್‌ವೆಯ ಕೂಗು ಅವನ ಹುಡುಗರಿಗೇ ಕೇಳಿಸದು. ಗದ್ದಲ ನಿಲ್ಲಿಸಿ ಎಂದು ರೆಫರಿ ಬಾರ್ನಿ ಫಿನ್ ಕಡೆ ತಿರುಗಿದ. ಗಡಿಯಾರ ನಿಂತಿತು, ಮತ್ತೆ ಹೊರಟಿತು. ನಿಲ್ಲುತ್ತದೆಂದು ನಂಬಿದ್ದವರು ನೋಡುತ್ತಿರುವಂತೆಯೇ ಅದು ಸೊನ್ನೆಗೆ ಬಂತು. ಕೊನೆಯ ಆ ಅವಕಾಶದಲ್ಲಿ ಚೆಂಡು ಕೈಬದಲಾಗಲೇ ಇಲ್ಲ. ನೌಕಾಪಡೆ ಗೆದ್ದಿತು, ಗಡಿಯಾರವನ್ನು ಮತ್ತೆ ನಿಲ್ಲಿಸಬೇಕಿತ್ತೇ ಎಂಬ ವಾದ ಸೈನ್ಯದವರ ಬಾಯಲ್ಲಿ ದಶಕಗಳ ಕಾಲ ಉಳಿಯಿತು. ರೆಫರಿಯ ತೀರ್ಪನ್ನು ಪರೀಕ್ಷಿಸಬಲ್ಲ ಯಂತ್ರ ಅದೇ ಕ್ರೀಡಾಂಗಣದ ಹೊರಗೆ ಗಾಡಿಯಲ್ಲಿ ಬಿಸಿಯಾಗಿ ಕೂತಿತ್ತು. ಅದನ್ನು ಕೇಳಬಹುದೆಂದು ಯಾರಿಗೂ ತೋಚಲಿಲ್ಲ.

ಕಾಲೇಜು ಫುಟ್‌ಬಾಲಿಗೆ ಅದು ತೋಚಲು ನಾಲ್ಕು ದಶಕ ಹಿಡಿಯಿತು. ನಡುವೆ, 1990ರ ಅಕ್ಟೋಬರ್ 6ರಂದು ಮಿಸೌರಿಯ ಕೊಲಂಬಿಯಾದಲ್ಲಿ ಹ್ಯಾನೋವರಿನ ಭೂತ ಮತ್ತೆ ಎದ್ದಿತು. ಟೈಮ್‌ಔಟಿನ ಗಲಿಬಿಲಿಯಲ್ಲಿ ಡೌನ್ ಸಂಖ್ಯೆ ತೋರಿಸುವ ಕೋಲಿನ ಫಲಕವನ್ನು ಬದಲಿಸುವುದು ಮರೆತುಹೋಯಿತು, ಕೊಲರಾಡೊ ತಂಡ ಐದನೇ ಡೌನ್ ಆಡಿ 33–31ರಿಂದ ಗೆದ್ದಿತು. ವಿಡಿಯೊದಲ್ಲಿ ಐದೂ ಡೌನ್‌ಗಳನ್ನು ಎಣಿಸಬಹುದಿತ್ತು. ತೀರ್ಪುಗಾರರನ್ನು ಅಮಾನತು ಮಾಡಿದರು, ಫಲಿತಾಂಶವನ್ನು ಮುಟ್ಟಲಿಲ್ಲ. ಕೊಲರಾಡೊ ಕೋಚ್ ಬಿಲ್ ಮೆಕಾರ್ಟ್ನಿ ತಂತಿ ಕಳಿಸುವ ಪೈಕಿಯಲ್ಲ. ಮೈದಾನ ಜಾರುತ್ತಿತ್ತು ಎಂದು ದೂರಿ, ಗೆಲುವು ಬಿಡುವುದಿಲ್ಲ ಎಂದರು. ಆ ವರ್ಷದ ರಾಷ್ಟ್ರೀಯ ಕಿರೀಟದಲ್ಲಿ ಅವರ ತಂಡಕ್ಕೆ ಪಾಲೂ ಸಿಕ್ಕಿತು. 1940 ಮತ್ತು 1990ರ ನಡುವೆ ಯಂತ್ರ ಮುಂದೆ ಹೋಗಿತ್ತು, ಮನುಷ್ಯ ಎತ್ತ ಹೋದ ಎಂದು ಕೇಳದಿರುವುದೇ ವಾಸಿ.

ಅಷ್ಟರಲ್ಲಿ ವೆರ್ನಾನ ಕೂಸು ಸಾಗರ ದಾಟಿತ್ತು. 1992ರ ನವೆಂಬರಿನಲ್ಲಿ ಡರ್ಬನ್‌ನಲ್ಲಿ ಟಿವಿ ಅಂಪೈರ್ ಸಚಿನ್ ತೆಂಡುಲ್ಕರ್‌ರನ್ನು ರನ್‌ಔಟ್ ಎಂದು ಘೋಷಿಸಿದರು, ಕ್ರಿಕೆಟಿನಲ್ಲಿ ಹಾಗೆ ಔಟಾದ ಮೊದಲಿಗ ಅವರು. 2008ರಲ್ಲಿ ತೀರ್ಪು ಮರುಪರಿಶೀಲನೆ ಟೆಸ್ಟ್ ಕ್ರಿಕೆಟಿಗೆ ಪ್ರಾಯೋಗಿಕವಾಗಿ ಬಂದಾಗ ಶ್ರೀಲಂಕಾದಲ್ಲಿ ಅದರ ಬಿಸಿ ಮೊದಲು ತಾಗಿದ್ದು ಬೆಂಗಳೂರಿನ ಅನಿಲ್ ಕುಂಬ್ಳೆ ನಾಯಕತ್ವದ ತಂಡಕ್ಕೆ. ಹುಟ್ಟಿದ ಮನೆಯಲ್ಲಿ, ಅಂದರೆ ಕಾಲೇಜು ಫುಟ್‌ಬಾಲಿನಲ್ಲಿ, ಅದಕ್ಕೆ ತೀರ್ಪುಗಾರನ ಕುರ್ಚಿ ಸಿಕ್ಕಿದ್ದು 2004ರಲ್ಲಿ, ಬಿಗ್ ಟೆನ್ ಒಕ್ಕೂಟ ಪ್ರಯೋಗಕ್ಕೆ ಒಪ್ಪಿದಾಗ. 2006ರ ಹೊತ್ತಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಅದೇ ಸೆಪ್ಟೆಂಬರಿನಲ್ಲಿ ಆರೆಗಾನ್ ಮತ್ತು ಒಕ್ಲಹೋಮ ನಡುವಣ ಪಂದ್ಯದ ಕೊನೆಯಲ್ಲಿ ಆರೆಗಾನ್ ಒದ್ದ ಚೆಂಡನ್ನು, ಅದು ಹತ್ತು ಗಜ ದಾಟುವ ಮೊದಲೇ, ನಿಯಮ ಮೀರಿ ಆರೆಗಾನ್ ಆಟಗಾರನೇ ಮುಟ್ಟಿದ, ಗುಂಪಿನಡಿಯಿಂದ ಚೆಂಡು ಎತ್ತಿಕೊಂಡು ಬಂದವನೋ ಒಕ್ಲಹೋಮದವ. ಮರುಪರಿಶೀಲನೆಯ ಕೋಣೆಯಲ್ಲಿ ನೋಡಿಯೂ ಚೆಂಡನ್ನು ಆರೆಗಾನ್‌ಗೇ ಕೊಟ್ಟರು. ಆರೆಗಾನ್ 34–33ರಿಂದ ಗೆದ್ದಿತು. ಮತ್ತೆ ಅಮಾನತು, ಮತ್ತೆ ಬದಲಾಗದ ಫಲಿತಾಂಶ.

ವೆರ್ನಾ 2015ರಲ್ಲಿ ತೀರಿಕೊಂಡ. 1963ರ ಆ ಮಧ್ಯಾಹ್ನ ಆ ಕುರುಡು ಟೇಪಿನಲ್ಲಿ ಬೇಕಾದ ಕ್ಷಣ ಅವನಿಗೆ ಸಿಕ್ಕಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಟೇಪಿನಲ್ಲಿ ಚಿತ್ರದ ಜೊತೆಗೆ ಧ್ವನಿಗೂ ಒಂದು ದಾರಿ ಇರುತ್ತದೆ. ಮರುಚಿತ್ರಕ್ಕೆ ಧ್ವನಿ ಬೇಕಿರಲಿಲ್ಲವಾದ್ದರಿಂದ ಅದು ಖಾಲಿ ಬಿದ್ದಿತ್ತು. ಆಟಗಾರರು ಗುಂಪುಗೂಡಿದಾಗ ಅದರಲ್ಲಿ ಒಂದು ‘ಬೀಪ್’ ಹಾಕಿಸಿದ, ಸಾಲಾಗಿ ನಿಂತು ಆಟಕ್ಕೆ ಸಜ್ಜಾದಾಗ ಎರಡು. ಟೇಪು ಹಿಂದೆ ಸುತ್ತಿ ಬಿಟ್ಟಾಗ ಗೀರು ತುಂಬಿದ ಪರದೆಯಲ್ಲಿ ಏನೂ ಕಾಣದಿದ್ದರೂ ಒಂದು ಬೀಪ್ ಕೇಳಿದರೆ ಇನ್ನೂ ಹೊತ್ತಿದೆ ಎಂದರ್ಥ, ಯಂತ್ರ ವೇಗ ಹಿಡಿಯಲಿ. ಎರಡು ಬೀಪ್ ಕೇಳುವ ಹೊತ್ತಿಗೆ ಚಿತ್ರ ನಿಂತಿದ್ದರೆ ಗುಂಡಿ ಒತ್ತುವುದು, ಇಲ್ಲದಿದ್ದರೆ ಬಿಡುವುದು. ಇಡೀ ಮಧ್ಯಾಹ್ನ ಅವನು ಬಿಟ್ಟದ್ದೇ ಹೆಚ್ಚು.